ಆನ್‌ಲೈನ್ ಚದುರಂಗದಲ್ಲಿ ಡ್ರಾ ಪ್ರಸ್ತಾಪ

ಡ್ರಾ ಪ್ರಸ್ತಾಪವೆಂದರೆ ಚದುರಂಗದ ಆಟವನ್ನು ಸೋಲು-ಗೆಲುವುಗಳಿಲ್ಲದೆ ಅಲ್ಲಿಗೇ ನಿಲ್ಲಿಸೋಣವೆಂದು ಒಬ್ಬ ಆಟಗಾರ ಎದುರಾಳಿಯ ಮುಂದಿಡುವ ಸೂಚನೆ. ಎದುರಾಳಿ ಒಪ್ಪಿದರೆ ಇಬ್ಬರಿಗೂ ತಲಾ ಅರ್ಧ ಅಂಕ ದೊರೆಯುತ್ತದೆ. ಒಪ್ಪದಿದ್ದರೆ ಆಟ ಮುಂದುವರಿಯುತ್ತದೆ. ಎದುರುಬದುರು ಕುಳಿತು ಆಡುವಾಗ ಈ ಪ್ರಸ್ತಾಪಕ್ಕೆ ನಿಯಮ, ಶಿಷ್ಟಾಚಾರ ಮತ್ತು ಆರ್ಬಿಟರ್‌ನ ಮೇಲ್ವಿಚಾರಣೆ ಎಂಬ ಮೂರು ಕಟ್ಟುಗಳಿರುತ್ತವೆ. ಆನ್‌ಲೈನ್ ಆಟದಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ, ದಿನನಿತ್ಯದ ಆಟಗಳಿಗೆ ಆರ್ಬಿಟರ್ ಇರುವುದಿಲ್ಲ; ಪ್ರಸ್ತಾಪವು ಪರದೆಯ ಮೇಲಿನ ಒಂದು ಗುಂಡಿಯಾಗಿರುತ್ತದೆ. ಹೀಗಾಗಿ ಅದನ್ನು ಯಾವಾಗ ಒತ್ತಬೇಕು, ಯಾವಾಗ ಒತ್ತಬಾರದು ಎಂಬುದು ಬಹುಮಟ್ಟಿಗೆ ಆಟಗಾರರ ಕ್ರೀಡಾ ಮನೋಭಾವಕ್ಕೆ ಬಿಟ್ಟ ವಿಷಯವಾಗಿದೆ.

ಡ್ರಾ ಆಗುವ ಬಗೆಗಳು

ಚದುರಂಗದ ಎಲ್ಲ ಡ್ರಾಗಳೂ ಪ್ರಸ್ತಾಪದಿಂದ ಆಗುವುದಿಲ್ಲ. ರಾಜನಿಗೆ ಶಹ ಇಲ್ಲದಿದ್ದರೂ ನಡೆಸಲು ಒಂದೂ ನಡೆ ಉಳಿಯದಿದ್ದರೆ ಅದು ಸ್ಟೇಲ್‌ಮೇಟ್. ಆಟ ಡ್ರಾ ಆಗುತ್ತದೆ. ಒಂದೇ ಸ್ಥಿತಿ ಮೂರು ಬಾರಿ ಮರುಕಳಿಸಿದರೆ, ಅಥವಾ ಇಬ್ಬರೂ 50 ನಡೆಗಳನ್ನು ಆಡಿದ ಅವಧಿಯಲ್ಲಿ ಕಾಲಾಳೂ ಚಲಿಸದೆ, ಯಾವ ಕಾಯಿಯೂ ಹೊಡೆಯಲ್ಪಡದೆ ಇದ್ದರೆ, ಆಟಗಾರನು ಡ್ರಾ ಕೇಳಬಹುದು. ಒಂದೇ ಸ್ಥಿತಿ ಐದು ಬಾರಿ ಬಂದರೆ ಅಥವಾ ಅಂತಹ ನಡೆಗಳು 75 ಆದರೆ ಯಾರೂ ಕೇಳದಿದ್ದರೂ ಆಟ ಡ್ರಾ ಎಂದೇ ಪರಿಗಣಿತವಾಗುತ್ತದೆ. ಇಬ್ಬರಲ್ಲಿ ಯಾರಿಗೂ ಚೆಕ್‌ಮೇಟ್ ಮಾಡಲು ಸಾಧ್ಯವಿಲ್ಲದ ಸ್ಥಿತಿಯೂ ಡ್ರಾ. ಈ ಬಗೆಗಳನ್ನು ಹಲಗೆಯ ಸ್ಥಿತಿಯೇ ನಿರ್ಧರಿಸುತ್ತದೆ. ಪರಸ್ಪರ ಒಪ್ಪಿಗೆಯ ಡ್ರಾ ಮಾತ್ರ ಇಬ್ಬರು ಆಟಗಾರರ ಮನಸ್ಸಿನಿಂದ ನಿರ್ಧಾರವಾಗುವಂಥದು. ಶಿಷ್ಟಾಚಾರದ ಪ್ರಶ್ನೆ ಏಳುವುದೂ ಅಲ್ಲಿಯೇ.

ಇತಿಹಾಸ

ಆರಂಭದ ಪಂದ್ಯಾವಳಿಗಳಲ್ಲಿ ಡ್ರಾಗೆ ಸ್ಥಿರವಾದ ಬೆಲೆ ಇರಲಿಲ್ಲ. 1867ರ ಡಂಡೀ ಪಂದ್ಯಾವಳಿಯಲ್ಲಿ ಡ್ರಾಗೆ ಅರ್ಧ ಅಂಕ ನೀಡಲಾಯಿತು. 1883ರ ಲಂಡನ್ ಪಂದ್ಯಾವಳಿಯಲ್ಲಿ ಮೊದಲ ಎರಡು ಡ್ರಾಗಳನ್ನು ಲೆಕ್ಕಕ್ಕೆ ಹಿಡಿಯದೆ ಆಟವನ್ನು ಮತ್ತೆ ಆಡಿಸಲಾಯಿತು. ಕ್ರಮೇಣ ಅರ್ಧ ಅಂಕದ ಪದ್ಧತಿಯೇ ನೆಲೆಗೊಂಡಿತು.

ಅರ್ಧ ಅಂಕ ಖಚಿತವಾದ ಮೇಲೆ ಅದನ್ನು ಹೋರಾಟವಿಲ್ಲದೆ ಪಡೆಯುವ ದಾರಿಯೂ ತೆರೆಯಿತು. 1962ರ ಕ್ಯುರಸಾವ್ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಸೋವಿಯತ್ ಆಟಗಾರರಾದ ಪೆಟ್ರೋಸಿಯನ್, ಕೆರೆಸ್ ಮತ್ತು ಗೆಲ್ಲರ್ ತಮ್ಮತಮ್ಮೊಳಗಿನ ಎಲ್ಲ ಆಟಗಳನ್ನೂ ಡ್ರಾ ಮಾಡಿಕೊಂಡರು. ಇದು ಮೊದಲೇ ಮಾಡಿಕೊಂಡ ಒಪ್ಪಂದವೆಂದು ಅಮೆರಿಕದ ಬಾಬಿ ಫಿಶರ್ ಬಹಿರಂಗವಾಗಿ ಆರೋಪಿಸಿದರು. ಮುಂದೆ ಕ್ಯಾಂಡಿಡೇಟ್ಸ್ ಹಂತವನ್ನು ಇಬ್ಬಿಬ್ಬರ ನಡುವಿನ ಪಂದ್ಯಗಳಾಗಿ ಬದಲಾಯಿಸಲಾಯಿತು. ಆರು ಗೆಲುವು ಪಡೆದವರಿಗೆ ಪ್ರಶಸ್ತಿ ಎಂಬ ನಿಯಮದಡಿ 1984ರಲ್ಲಿ ಆರಂಭವಾದ ಕಾರ್ಪೋವ್–ಕಾಸ್ಪರೋವ್ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 48 ಆಟಗಳಲ್ಲಿ 40 ಡ್ರಾ ಆದವು. ಫಲಿತಾಂಶವಿಲ್ಲದೆ 1985ರ ಫೆಬ್ರವರಿಯಲ್ಲಿ ಪಂದ್ಯವನ್ನು ನಿಲ್ಲಿಸಲಾಯಿತು.

2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಎಂ-ಟೆಲ್ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಆಟಗಾರರು ಪರಸ್ಪರ ಡ್ರಾ ಕೇಳುವುದನ್ನೇ ನಿಷೇಧಿಸಲಾಯಿತು. ಇದು ಸೋಫಿಯಾ ನಿಯಮವೆಂದು ಹೆಸರಾಗಿದೆ.

ಫಿಡೆ ನಿಯಮಗಳು

ಅಂತಾರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮದಂತೆ, ಡ್ರಾ ಕೇಳಬಯಸುವವನು ಮೊದಲು ತನ್ನ ನಡೆಯನ್ನು ಹಲಗೆಯ ಮೇಲೆ ನಡೆಸಿ, ಗಡಿಯಾರವನ್ನು ಒತ್ತುವ ಮೊದಲು ಕೇಳಬೇಕು. ಒಮ್ಮೆ ಕೇಳಿದುದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಎದುರಾಳಿ ಬಾಯಿಮಾತಿನಲ್ಲಿ ನಿರಾಕರಿಸುವವರೆಗೆ, ಅಥವಾ ನಡೆಸುವ ಇಲ್ಲವೇ ಹೊಡೆಯುವ ಉದ್ದೇಶದಿಂದ ಕಾಯಿಯನ್ನು ಮುಟ್ಟುವವರೆಗೆ ಪ್ರಸ್ತಾಪ ಊರ್ಜಿತವಾಗಿರುತ್ತದೆ. ಅದನ್ನು ಇಬ್ಬರೂ ನಡೆಗಳ ಹಾಳೆಯಲ್ಲಿ ಸಮಚಿಹ್ನೆಯಿಂದ (=) ಗುರುತಿಸಬೇಕು.

ಈ ಕ್ರಮದ ಹಿಂದೆ ಒಂದು ತರ್ಕವಿದೆ. ತನ್ನ ನಡೆಯನ್ನು ಬಯಲು ಮಾಡಿದ ಮೇಲೆಯೇ ಕೇಳಬೇಕಾದುದರಿಂದ ಎದುರಾಳಿಗೆ ಪೂರ್ಣ ಸ್ಥಿತಿಯನ್ನು ನೋಡಿ ನಿರ್ಧರಿಸುವ ಅವಕಾಶ ಸಿಗುತ್ತದೆ. ಗಡಿಯಾರ ಒತ್ತುವ ಮೊದಲೇ ಕೇಳಬೇಕಾದುದರಿಂದ ಎದುರಾಳಿಯ ಆಲೋಚನೆಯ ಸಮಯಕ್ಕೆ ಅಡ್ಡಿಯಾಗುವುದಿಲ್ಲ. ಎದುರಾಳಿಯ ಗಮನ ಕೆಡಿಸುವ ಯಾವುದೇ ವರ್ತನೆಯನ್ನು ಫಿಡೆ ನಿಷೇಧಿಸಿದೆ. ವಿವೇಚನೆಯಿಲ್ಲದ ಡ್ರಾ ಪ್ರಸ್ತಾಪಗಳೂ ಇದರಲ್ಲಿ ಸೇರಿವೆ.

ಆನ್‌ಲೈನ್ ತಾಣಗಳಲ್ಲಿ

ಅಂತರ್ಜಾಲದಲ್ಲಿ ಚದುರಂಗವಾಡಿಸುವ ಸರ್ವರ್‌ಗಳು 1990ರ ದಶಕದಿಂದಲೂ ಇವೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ತಾಣಗಳಲ್ಲಿ ಚೆಸ್.ಕಾಮ್ 2007ರಲ್ಲಿಯೂ ಲಾಭದ ಉದ್ದೇಶವಿಲ್ಲದ ಲಿಚೆಸ್ 2010ರಲ್ಲಿಯೂ ಆರಂಭವಾದವು. ಇವುಗಳಲ್ಲಿ ಡ್ರಾ ಗುಂಡಿಯನ್ನು ಒತ್ತಿದರೆ ಎದುರಾಳಿಯ ಪರದೆಯ ಮೇಲೆ ಸೂಚನೆ ಮೂಡುತ್ತದೆ. ಅದನ್ನು ಒಪ್ಪಬಹುದು, ನಿರಾಕರಿಸಬಹುದು, ಅಥವಾ ಸುಮ್ಮನೆ ಮುಂದಿನ ನಡೆ ಆಡಬಹುದು. ನಡೆ ಆಡಿದರೆ ನಿರಾಕರಿಸಿದಂತೆಯೇ.

ಆರ್ಬಿಟರ್ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಇಲ್ಲಿ ತಂತ್ರಾಂಶ ವಹಿಸಿಕೊಂಡಿದೆ. ಲಿಚೆಸ್‌ನಲ್ಲಿ ಒಮ್ಮೆ ಕೇಳಿದವರು ಕೆಲವು ನಡೆಗಳು ಕಳೆಯುವವರೆಗೆ ಮತ್ತೆ ಕೇಳಲಾಗುವುದಿಲ್ಲ. ಅದರ ಅರೇನಾ ಪಂದ್ಯಾವಳಿಗಳಲ್ಲಿ ಮೊದಲ 10 ನಡೆಗಳೊಳಗೆ ಡ್ರಾ ಮಾಡಿಕೊಂಡರೆ ಇಬ್ಬರಿಗೂ ಅಂಕವಿಲ್ಲ. ಸ್ವಿಸ್ ಪದ್ಧತಿಯ ಪಂದ್ಯಾವಳಿಗಳಲ್ಲಿ 30 ನಡೆಗಳಿಗೆ ಮೊದಲು ಒಪ್ಪಿಗೆಯ ಡ್ರಾಗೆ ಅವಕಾಶವೇ ಇಲ್ಲ. ಮೂರು ಬಾರಿಯ ಮರುಕಳಿಕೆಯನ್ನು ಚೆಸ್.ಕಾಮ್ ತಾನಾಗಿಯೇ ಡ್ರಾ ಎಂದು ಘೋಷಿಸುತ್ತದೆ. ಲಿಚೆಸ್‌ನಲ್ಲಿ ಆಟಗಾರನೇ ಅದನ್ನು ಕೇಳಬೇಕು.

ಗಡಿಯಾರದ ಪ್ರಶ್ನೆ

ಆನ್‌ಲೈನ್ ಆಟಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷಗಳ ಆಟಗಳಾದುದರಿಂದ ವಿವಾದಗಳ ಮೂಲ ಸಾಮಾನ್ಯವಾಗಿ ಗಡಿಯಾರವೇ ಆಗಿರುತ್ತದೆ. ಇಬ್ಬರ ಬಳಿಯೂ ರಾಜ ಮತ್ತು ಒಂದೊಂದು ಆನೆ ಉಳಿದಿದ್ದು, ಗೆಲ್ಲುವ ದಾರಿ ಯಾರಿಗೂ ಇಲ್ಲವೆಂದಿಟ್ಟುಕೊಳ್ಳೋಣ. ಒಬ್ಬರಿಗೆ 20 ಸೆಕೆಂಡು, ಇನ್ನೊಬ್ಬರಿಗೆ 3 ಸೆಕೆಂಡು ಇದ್ದರೆ, ಮೊದಲನೆಯವರು ಡ್ರಾ ನಿರಾಕರಿಸಿ ಆನೆಯನ್ನು ಅತ್ತಿತ್ತ ಆಡಿಸುತ್ತಲೇ ಸಮಯದ ಮೇಲೆ ಗೆಲ್ಲಬಹುದು. ಸಮಯವೂ ಆಟದ ಒಂದು ಸಾಧನ, ಅದನ್ನು ಕಾಯ್ದುಕೊಳ್ಳುವುದೂ ಕೌಶಲವೆಂಬುದು ಒಂದು ವಾದ. ಹಲಗೆಯ ಮೇಲೆ ಸಮಬಲ ಸಾಧಿಸಿದವರಿಗೆ ಅರ್ಧ ಅಂಕ ಸಲ್ಲಬೇಕೆಂಬುದು ಇನ್ನೊಂದು. ನಿಯಮದ ದೃಷ್ಟಿಯಿಂದ ಹಾಗೆ ಗೆಲ್ಲುವುದು ತಪ್ಪಲ್ಲ.

ಪ್ರತಿ ನಡೆಗೂ ಕೆಲವು ಸೆಕೆಂಡು ಸೇರಿಸುವ ಪದ್ಧತಿಯಿರುವ ಆಟಗಳಲ್ಲಿ ಈ ತೊಡಕು ಬಹಳಷ್ಟು ಕಡಿಮೆಯಾಗುತ್ತದೆ. ಸಮಯ ಮುಗಿದಾಗಲೂ ತಾಣಗಳ ತೀರ್ಪು ಒಂದೇ ಆಗಿರುವುದಿಲ್ಲ. ಸಮಯ ಕಳೆದುಕೊಂಡವರ ಬಳಿ ಒಂದು ಕಾಲಾಳು, ಎದುರಾಳಿಯ ಬಳಿ ಒಂದೇ ಕುದುರೆ ಇದ್ದರೆ ಚೆಸ್.ಕಾಮ್ ಅದನ್ನು ಡ್ರಾ ಎನ್ನುತ್ತದೆ. ಫಿಡೆ ನಿಯಮವನ್ನು ಅನುಸರಿಸುವ ಲಿಚೆಸ್, ಹೇಗಾದರೂ ಚೆಕ್‌ಮೇಟ್ ಸಾಧ್ಯವಿದೆಯೇ ಎಂದಷ್ಟೇ ನೋಡಿ ಕುದುರೆಯಿರುವವರಿಗೆ ಗೆಲುವು ನೀಡುತ್ತದೆ.

ಶಿಷ್ಟಾಚಾರ

ಆಟಗಾರರ ನಡುವೆ ರೂಢಿಯಲ್ಲಿರುವ ಮರ್ಯಾದೆಗಳು ಹೀಗಿವೆ:

• ತಾನು ಸೋಲುತ್ತಿರುವುದು ಸ್ಪಷ್ಟವಾಗಿರುವಾಗ ಡ್ರಾ ಕೇಳುವುದು ಅನುಚಿತ.
• ಒಮ್ಮೆ ನಿರಾಕರಿಸಿದ ಮೇಲೆ, ಸ್ಥಿತಿ ಬದಲಾಗದ ಹೊರತು ಅದೇ ಆಟಗಾರನು ಮತ್ತೆ ಕೇಳಬಾರದು. ಮುಂದಿನ ಅವಕಾಶ ನಿರಾಕರಿಸಿದವರದು.
• ತನ್ನ ನಡೆಯನ್ನು ಆಡಿದ ಮೇಲೆಯೇ ಕೇಳಬೇಕು. ಎದುರಾಳಿ ಯೋಚಿಸುತ್ತಿರುವಾಗ ಸೂಚನೆ ಕಳುಹಿಸಬಾರದು.
• ನಿರಾಕರಣೆಯನ್ನು ಅವಮಾನವೆಂದು ಭಾವಿಸಬಾರದು. ಆಡುತ್ತಲೇ ಇರಲು ಎದುರಾಳಿಗೆ ಹಕ್ಕಿದೆ.
• ಡ್ರಾ ಸಿಗಲಿಲ್ಲವೆಂದು ನಡೆ ಆಡದೆ ಗಡಿಯಾರ ಓಡಲು ಬಿಡುವುದು, ಆಟದ ನಡುವೆ ಹೊರಟುಹೋಗುವುದು ಸಲ್ಲದು.

ಗೆಲುವಿನ ಸಾಧ್ಯತೆಯಿದ್ದಾಗಲೂ ಡ್ರಾ ಕೇಳುವುದಕ್ಕೆ ಅಡ್ಡಿಯಿಲ್ಲ. 2018ರ ವಿಶ್ವ ಚಾಂಪಿಯನ್‌ಷಿಪ್‌ನ 12ನೆಯ ಆಟದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ತಮ್ಮ ಸ್ಥಿತಿ ಉತ್ತಮವಾಗಿದ್ದಾಗಲೇ ಫ್ಯಾಬಿಯಾನೊ ಕರುವಾನ ಅವರಿಗೆ ಡ್ರಾ ನೀಡಿದರು. ಬಳಿಕ ರ್‍ಯಾಪಿಡ್ ಟೈಬ್ರೇಕರ್‌ನಲ್ಲಿ 3–0ಯಿಂದ ಗೆದ್ದರು. ಇದು ತಂತ್ರದ ಲೆಕ್ಕಾಚಾರವೇ ಹೊರತು ಔದಾರ್ಯವಲ್ಲ.

ಸಂಪರ್ಕ ಕಡಿತ

ಎದುರಾಳಿಯ ಅಂತರ್ಜಾಲ ಸಂಪರ್ಕ ಕಡಿದುಹೋದರೆ ಆತನ ಗಡಿಯಾರ ಓಡುತ್ತಲೇ ಇರುತ್ತದೆ. ಲಿಚೆಸ್‌ನಲ್ಲಿ ಅಂತಹ ಸಂದರ್ಭದಲ್ಲಿ ಉಳಿದವರ ಮುಂದೆ ಎರಡು ಆಯ್ಕೆಗಳು ಬರುತ್ತವೆ: ಗೆಲುವು ಪಡೆಯುವುದು ಅಥವಾ ಡ್ರಾ ಮಾಡಿಕೊಳ್ಳುವುದು. ಎದುರಾಳಿ ಬೇಕೆಂದೇ ಹೋದನೋ, ವಿದ್ಯುತ್ ಹೋಯಿತೋ ತಿಳಿಯುವ ಬಗೆಯಿಲ್ಲ.

2020ರ ಚೆಸ್ಸಬಲ್ ಮಾಸ್ಟರ್ಸ್ ಆನ್‌ಲೈನ್ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಚೀನಾದ ಡಿಂಗ್ ಲಿರೆನ್ ಸಂಪರ್ಕ ಕಡಿದುಹೋಗಿ ಸಮಯದ ಮೇಲೆ ಒಂದು ಆಟ ಸೋತರು. ಮುಂದಿನ ಆಟದಲ್ಲಿ ಕಾರ್ಲ್‌ಸನ್ ಆರಂಭದಲ್ಲಿಯೇ ರಾಣಿಯನ್ನು ಬೇಕೆಂದೇ ಒಪ್ಪಿಸಿ ಸೋಲೊಪ್ಪಿಕೊಂಡರು. ಆಗಿಹೋದ ಆಟವನ್ನು ಡ್ರಾ ಎಂದು ಬದಲಾಯಿಸಲು ನಿಯಮವಿರಲಿಲ್ಲ. ಅದರ ಪರಿಣಾಮವನ್ನು ಅವರು ಈ ರೀತಿ ಸರಿದೂಗಿಸಿದರು.

ಅದೇ ವರ್ಷ ಚೆಸ್.ಕಾಮ್‌ನಲ್ಲಿ ನಡೆದ ಫಿಡೆ ಆನ್‌ಲೈನ್ ಒಲಿಂಪಿಯಾಡ್ ಭಾರತಕ್ಕೆ ಈ ಪ್ರಶ್ನೆಯ ಎರಡು ಮುಖಗಳನ್ನೂ ತೋರಿಸಿತು. ಕ್ವಾರ್ಟರ್‌ಫೈನಲ್‌ನಲ್ಲಿ ಭಾರತದ ವಿರುದ್ಧ ಆಡುತ್ತಿದ್ದ ಅರ್ಮೇನಿಯಾದ ಆಟಗಾರನೊಬ್ಬನ ಸಂಪರ್ಕ ಕಡಿಯಿತು. ಮೇಲ್ಮನವಿ ತಿರಸ್ಕೃತವಾದಾಗ ಅರ್ಮೇನಿಯಾ ಪ್ರತಿಭಟಿಸಿ ಹಿಂದೆ ಸರಿಯಿತು. ಆಗಸ್ಟ್ 30ರಂದು ರಷ್ಯಾ ವಿರುದ್ಧದ ಫೈನಲ್‌ನ ಮೊದಲ ಸುತ್ತು 3–3 ಸಮಬಲವಾಯಿತು. ಎರಡನೆಯ ಸುತ್ತಿನಲ್ಲಿ ಅಂತರ್ಜಾಲ ವ್ಯವಸ್ಥೆಯ ವೈಫಲ್ಯದಿಂದ ಭಾರತದ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಸಂಪರ್ಕ ಕಳೆದುಕೊಂಡು ಸಮಯದ ಮೇಲೆ ಸೋತರು. ಭಾರತ ಮೇಲ್ಮನವಿ ಸಲ್ಲಿಸಿತು. ಫಿಡೆ ಅಧ್ಯಕ್ಷ ಅರ್ಕಾಡಿ ಡ್ವೊರ್ಕೊವಿಚ್ ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಘೋಷಿಸಿದರು. ಹೀಗೆ ಒಂದೇ ಪಂದ್ಯಾವಳಿಯಲ್ಲಿ ಒಂದು ಮನವಿ ತಿರಸ್ಕೃತವಾಯಿತು, ಇನ್ನೊಂದು ಪ್ರಶಸ್ತಿಯ ಹಂಚಿಕೆಯಲ್ಲಿ ಕೊನೆಗೊಂಡಿತು.

ಟೀಕೆಗಳು

ಪ್ರಾಮಾಣಿಕ ಪ್ರಸ್ತಾಪಕ್ಕೂ ಮೊದಲೇ ಗೊತ್ತುಮಾಡಿಕೊಂಡ ಡ್ರಾಗೂ ವ್ಯತ್ಯಾಸವಿದೆ. 2023ರ ಡಿಸೆಂಬರ್‌ನಲ್ಲಿ ಸಮರಖಂಡದಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ ನೆಪೊಮ್ನಿಯಾಶಿ ಮತ್ತು ಡುಬೊವ್ ಕುದುರೆಗಳನ್ನಷ್ಟೇ ಕುಣಿಸಿ ಡ್ರಾ ಮಾಡಿಕೊಂಡಾಗ ಮುಖ್ಯ ಆರ್ಬಿಟರ್ ಇಬ್ಬರಿಗೂ ಸೊನ್ನೆ ನೀಡಿದರು. 2024ರಲ್ಲಿ ಇದೇ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಶಿ ಸತತ ಡ್ರಾಗಳ ಬಳಿಕ ಪ್ರಶಸ್ತಿಯನ್ನು ಹಂಚಿಕೊಂಡರು. ಫಿಡೆ ಒಪ್ಪಿದರೂ ಆ ನಿರ್ಧಾರ ವ್ಯಾಪಕ ಚರ್ಚೆಗೆ ಗುರಿಯಾಯಿತು. ಆನ್‌ಲೈನ್ ಆಟದಲ್ಲಿ ಹಲಗೆಯಾಚೆಗಿನ ಮಾತುಕತೆಯನ್ನು ಕಾಣಲು ಯಾರೂ ಇಲ್ಲವಾದುದರಿಂದ ಇಂತಹ ಒಪ್ಪಂದಗಳನ್ನು ಪತ್ತೆಹಚ್ಚುವುದು ಇನ್ನಷ್ಟು ಕಠಿಣ.

ಇತರ ತಂತ್ರದ ಆಟಗಳಲ್ಲಿ

ಗೋ ಆಟದಲ್ಲಿ ಎರಡನೆಯದಾಗಿ ಆಡುವವರಿಗೆ ಆರೂವರೆ ಅಥವಾ ಏಳೂವರೆಯಂತೆ ಅರ್ಧ ಸೇರಿದ ಅಂಕಗಳನ್ನು ಪರಿಹಾರವಾಗಿ ನೀಡುವುದರಿಂದ ಅಂಕಗಳು ಸಮವಾಗುವುದಿಲ್ಲ. ಜಪಾನಿನ ಶೋಗಿಯಲ್ಲಿ ಒಂದೇ ಸ್ಥಿತಿ ನಾಲ್ಕು ಬಾರಿ ಬಂದರೆ ವೃತ್ತಿಪರರು ಆಟವನ್ನು ಮತ್ತೆ ಆಡುತ್ತಾರೆ. ಡಿಪ್ಲೊಮಸಿಯಲ್ಲಿ ಉಳಿದಿರುವ ಆಟಗಾರರೆಲ್ಲರೂ ಒಪ್ಪಿದರೆ ಮಾತ್ರ ಡ್ರಾ. ಒಬ್ಬರ ಅಸಮ್ಮತಿಯಿದ್ದರೂ ಆಟ ಮುಂದುವರಿಯುತ್ತದೆ.

ಇವನ್ನೂ ನೋಡಿ

• ಚದುರಂಗ
• ಫಿಡೆ
• ಚೆಸ್ ಒಲಿಂಪಿಯಾಡ್
• ಸ್ಟೇಲ್‌ಮೇಟ್