ಹುಳು ಮನೆಗೆ ಬಂದ ಫಾರ್ಮಲಿನ್

ಶಿಡ್ಲಘಟ್ಟದ ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ಗೂಡಿನ ಮಾರುಕಟ್ಟೆಯಿಂದ ಶುರು ಮಾಡುತ್ತಾರೆ. ರಾಮನಗರದ ಜೊತೆಜೊತೆಗೆ ಹೆಸರು ಹೇಳಿಸಿಕೊಳ್ಳುವ ಮಾರುಕಟ್ಟೆ ಅದು. ಇನ್ನು ಕೆಲವರು ಟಿಪ್ಪುವಿನ ಕಾಲಕ್ಕೆ ಹೋಗಿ, ಹದಿನೆಂಟನೇ ಶತಮಾನದ ಕೊನೆಯಲ್ಲಿ ಮೈಸೂರಿಗೆ ರೇಷ್ಮೆ ತರಿಸಿದ ಕತೆ ಹೇಳುತ್ತಾರೆ. ಚರಕ, ಕಾಟೇಜ್ ಬೇಸಿನ್, ಫಿಲೇಚರ್, ರೀಲರುಗಳ ಸಾಲ, ಗೂಡಿನ ದರ ಇವೆಲ್ಲ ಆಮೇಲೆ ಬರುತ್ತವೆ. ನನ್ನ ಸಂಶೋಧನೆಯೂ ಇದೇ ದಾರಿಯಲ್ಲಿ ಶುರುವಾಯಿತು. ಆದರೆ ಹಳ್ಳಿಗಳಲ್ಲಿ ಹಿರಿಯರನ್ನು ಮಾತಾಡಿಸುತ್ತಾ ಹೋದಂತೆ, ದರ ಮತ್ತು ಮಾರುಕಟ್ಟೆಯಷ್ಟೇ ಸಲ ಇನ್ನೊಂದು ವಸ್ತು ಅವರ ಮಾತಿನಲ್ಲಿ ಬರತೊಡಗಿತು. ಅದು ಹುಳು ಮನೆಯ ಮೂಲೆಯಲ್ಲಿರುತ್ತಿದ್ದ ಒಂದು ಪ್ಲಾಸ್ಟಿಕ್ ಕ್ಯಾನು. ಅದರೊಳಗಿದ್ದದ್ದು ಫಾರ್ಮಲಿನ್.

ಫಾರ್ಮಲಿನ್ ಎಂಬ ಹೆಸರು ಹೇಳುತ್ತಿದ್ದವರು ಕಡಿಮೆ. ಹೆಚ್ಚಿನವರು ‘ಔಷಧಿ’ ಎನ್ನುತ್ತಿದ್ದರು. ‘ಬೆಳೆ ಎದ್ದ ಮೇಲೆ ಔಷಧಿ ಹೊಡೀಬೇಕು’ ಎಂಬುದು ಇಲ್ಲಿ ದಿನನಿತ್ಯದ ಮಾತು. ತೆಲುಗು ಮಾತಾಡುವ ಮನೆಗಳಲ್ಲಿ ಅದೇ ‘ಮಂದು’. ಎರಡೂ ಭಾಷೆಯಲ್ಲಿ ಕಾಯಿಲೆ ವಾಸಿಮಾಡುವ ಪದಾರ್ಥಕ್ಕಿರುವ ಹೆಸರೇ ಈ ಕ್ಯಾನಿಗೂ ಸಿಕ್ಕಿದೆ. ಕ್ಯಾನಿನ ಮೇಲಿನ ಚೀಟಿ ಮಾತ್ರ ಇಂಗ್ಲಿಷಿನಲ್ಲಿ. ಔಷಧಿ ಎಂದಾಗ ಅದು ಯಾರಿಗೆ ಔಷಧಿ ಎಂಬ ಪ್ರಶ್ನೆ ಏಳಬೇಕು. ಹುಳುವಿಗೆ ಎನ್ನುವುದೂ ಪೂರ್ತಿ ಸರಿಯಲ್ಲ, ಏಕೆಂದರೆ ಹುಳು ಮನೆಯೊಳಗೆ ಇರುವಾಗ ಇದನ್ನು ಹೊಡೆಯುವಂತಿಲ್ಲ. ಹುಳು ಬರುವ ಮುನ್ನ ಖಾಲಿ ಮನೆಗೆ, ತಟ್ಟೆಗಳಿಗೆ, ಚಂದ್ರಿಕೆಗಳಿಗೆ ಹೊಡೆಯುವ ವಿಷ ಇದು.

ಈ ವಿಷ ಯಾಕೆ ಬೇಕಾಯಿತು ಎಂದು ತಿಳಿಯಲು ಹುಳುವಿನ ಕಾಯಿಲೆಗಳ ಕಡೆ ನೋಡಬೇಕು. ಗಂಟು ರೋಗ, ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಎಂಬ ನಾಲ್ಕು ಹೆಸರು ರೇಷ್ಮೆ ಮನೆಯ ಮಕ್ಕಳಿಗೂ ಗೊತ್ತು. ನಾಲ್ಕನೇ ಜ್ವರ ಎದ್ದು, ಸೊಪ್ಪು ಸದ್ದು ಮಾಡಿ ತಿನ್ನುತ್ತಿದ್ದ ಹುಳು ಎರಡೇ ದಿನದಲ್ಲಿ ಮೈ ಊದಿ, ಹಾಲಿನಂಥ ರಸ ಸುರಿಸಿ ಸಾಯುವುದನ್ನು ನೋಡಿದವರಿಗೆ ಈ ಭಯದ ಅಳತೆ ಗೊತ್ತಿರುತ್ತದೆ. ಇಪ್ಪತ್ತೈದು ದಿನದ ದುಡಿಮೆ, ಸೊಪ್ಪಿನ ಖರ್ಚು, ಕೈಸಾಲ ಎಲ್ಲವೂ ಕೊನೆಯ ವಾರದಲ್ಲಿ ತಿಪ್ಪೆಗೆ ಹೋಗುತ್ತದೆ.

ಯುರೋಪಿನಲ್ಲಿ ಇದೇ ಭಯ ಒಂದು ವಿಜ್ಞಾನವನ್ನೇ ಬೆಳೆಸಿತು. ಹತ್ತೊಂಬತ್ತನೇ ಶತಮಾನದ ನಡುವೆ ಗಂಟು ರೋಗ ಫ್ರಾನ್ಸಿನ ರೇಷ್ಮೆಯನ್ನು ಹಾಳುಮಾಡಿದಾಗ ಲೂಯಿ ಪಾಶ್ಚರ್ 1865ರಲ್ಲಿ ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣಕ್ಕೆ ಹೋದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗಾಣು ಕಂಡರೆ ಅದರ ಮೊಟ್ಟೆಯನ್ನು ಸುಡಬೇಕು ಎಂಬ ಅವರ ಕ್ರಮ ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ಈ ಕ್ರಮ ಮೊಟ್ಟೆಯನ್ನು ಶುದ್ಧ ಮಾಡಿತು. ಆದರೆ ಗೋಡೆಯ ಬಿರುಕಿನಲ್ಲಿ, ಬಿದಿರು ತಟ್ಟೆಯ ಹೆಣಿಗೆಯಲ್ಲಿ, ನೆಲದ ಧೂಳಿನಲ್ಲಿ ಉಳಿದ ರೋಗಾಣುವಿಗೆ ಬೇರೆ ದಾರಿ ಬೇಕಿತ್ತು.

ಆ ದಾರಿ ಅದೇ ಕಾಲದ ಇನ್ನೊಂದು ಪ್ರಯೋಗಶಾಲೆಯಿಂದ ಬಂತು. ರಷ್ಯಾದ ರಸಾಯನಶಾಸ್ತ್ರಜ್ಞ ಬಟ್ಲೆರೋವ್ 1859ರಲ್ಲಿ ವಿವರಿಸಿದ, ಜರ್ಮನಿಯ ಹಾಫ್‌ಮನ್ 1860ರ ದಶಕದ ಕೊನೆಯಲ್ಲಿ ಮೆಥನಾಲಿನಿಂದ ತಯಾರಿಸಿ ತೋರಿಸಿದ ಅನಿಲ ಫಾರ್ಮಾಲ್ಡಿಹೈಡ್. ಅದನ್ನು ನೀರಿನಲ್ಲಿ ಕರಗಿಸಿದರೆ ಫಾರ್ಮಲಿನ್. 1893ರಲ್ಲಿ ಫರ್ಡಿನಾಂಡ್ ಬ್ಲೂಮ್ ಅದರ ದ್ರಾವಣದಲ್ಲಿ ಕೆಲಸ ಮಾಡುವಾಗ ತನ್ನ ಬೆರಳಿನ ಚರ್ಮ ಗಡುಸಾದುದನ್ನು ಗಮನಿಸಿ, ಇದು ಅಂಗಾಂಶಗಳನ್ನೂ ಕೊಳೆಯದಂತೆ ಹಿಡಿದಿಡುತ್ತದೆ ಎಂದು ಕಂಡುಕೊಂಡರು. ಕಾಲೇಜಿನ ಪ್ರಾಣಿಶಾಸ್ತ್ರದ ಕೋಣೆಯಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ, ಹಾವುಗಳನ್ನು ನೋಡಿದವರೆಲ್ಲ ನೋಡಿರುವುದು ಬ್ಲೂಮ್ ಅವರ ಬೆರಳಿನ ಕತೆಯನ್ನೇ. ರೋಗಾಣುವಿನ ಪ್ರೋಟೀನನ್ನು ಬಿಗಿದು ಕೊಲ್ಲುವ ಗುಣವೂ, ಮನುಷ್ಯನ ಚರ್ಮವನ್ನು ಗಡುಸು ಮಾಡುವ ಗುಣವೂ ಒಂದೇ ರಾಸಾಯನಿಕ ಕ್ರಿಯೆ. ಅಂದರೆ ಈ ವಸ್ತುವಿನ ಉಪಕಾರ ಮತ್ತು ಅಪಾಯ ಮೊದಲ ದಿನದಿಂದಲೂ ಒಂದೇ ಬೆರಳ ತುದಿಯಲ್ಲಿದ್ದವು.

ಮೈಸೂರು ಸೀಮೆಯಲ್ಲಿ ವೈಜ್ಞಾನಿಕ ರೇಷ್ಮೆಯ ಪ್ರಯತ್ನಗಳು ಹತ್ತೊಂಬತ್ತನೇ ಶತಮಾನದ ಕೊನೆಗೆ ಕಾಣಿಸಿಕೊಂಡವು. ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ಮಾದರಿಯ ರೇಷ್ಮೆ ಫಾರಂ ತೆರೆದರು. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞರನ್ನು ಕರೆಸಿತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಬಂದವು. ಹಳೆಯ ಮೈಸೂರು ತಳಿ ಇಳುವರಿಯಲ್ಲಿ ಕಡಿಮೆ, ಆದರೆ ಗಟ್ಟಿ ಜೀವ. ಮಿಶ್ರತಳಿ, ಆಮೇಲೆ ದ್ವಿತಳಿ ಬಂದಾಗ ನೂಲು ಹೆಚ್ಚಾಯಿತು, ಹುಳು ನಾಜೂಕಾಯಿತು. ಸಗಣಿ ಸಾರಿಸಿ, ಸುಣ್ಣ ಬಳಿದು, ಬಿಸಿಲಿಗೆ ತಟ್ಟೆ ಒಣಗಿಸುತ್ತಿದ್ದ ಹಳೆಯ ಶುಚಿ ಸಾಲದಾಯಿತು. 1990ರ ದಶಕದಲ್ಲಿ ಜಪಾನಿನ ನೆರವಿನಿಂದ ದ್ವಿತಳಿ ಬೆಳೆ ಹಬ್ಬುವ ಹೊತ್ತಿಗೆ ‘ಸೋಂಕು ನಿವಾರಣೆ’ ಎಂಬ ಸರ್ಕಾರಿ ಪದ ಹಳ್ಳಿಯ ಪದವೇ ಆಗಿತ್ತು.

ಶಿಫಾರಸು ಸರಳವಾಗಿ ಕಾಣುತ್ತದೆ. ಅಂಗಡಿಯ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಸುಮಾರು ಶೇ. 36ರಿಂದ 40. ಹುಳು ಮನೆಗೆ ಬೇಕಾದದ್ದು ಶೇ. 2. ಶೇ. 36ರ ಒಂದು ಲೀಟರಿಗೆ 17 ಲೀಟರ್ ನೀರು ಸೇರಿಸಿದರೆ ಲೆಕ್ಕ ಸರಿ. ಇಲ್ಲೇ ಒಂದು ಗೊಂದಲ ಅಡಗಿದೆ. ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ‘ಶೇ. 10ರ ಫಾರ್ಮಲಿನ್’ ಎಂದರೆ ಬಾಟಲಿಯ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು. ಅದರಲ್ಲಿ ನಿಜವಾದ ಫಾರ್ಮಾಲ್ಡಿಹೈಡ್ ಇರುವುದು ಶೇ. 4ರಷ್ಟು. ರೇಷ್ಮೆಯಲ್ಲಿ ‘ಶೇ. 2ರ ಫಾರ್ಮಲಿನ್’ ಎಂದರೆ ನಿಜವಾದ ಫಾರ್ಮಾಲ್ಡಿಹೈಡೇ ಶೇ. 2. ಒಂದೇ ಹೆಸರಿಗೆ ಎರಡು ಅಳತೆ. ಓದಿಕೊಂಡ ಮಗ ಕಾಲೇಜಿನ ಲೆಕ್ಕದಲ್ಲಿ ನೂರಕ್ಕೆ ಎರಡು ಬೆರೆಸಿದರೆ ರೋಗಾಣು ಸಾಯುವುದಿಲ್ಲ. ಬೆಳೆ ಕೆಟ್ಟ ಮೇಲೆ ಅಪ್ಪ ಅಳತೆಯನ್ನೇ ಬಿಟ್ಟು ಕಣ್ಣಂದಾಜಿನಲ್ಲಿ ಸುರಿದರೆ ಮನುಷ್ಯರಿಗೆ ಕಷ್ಟ. ಎರಡೂ ರೀತಿಯ ಕತೆಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿವೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಫಾರ್ಮಲಿನ್ ಚೆನ್ನಾಗಿ ಕೆಲಸ ಮಾಡಲು ಮೂರು ಷರತ್ತುಗಳಿವೆ. ಕೋಣೆಯ ಉಷ್ಣತೆ 25 ಡಿಗ್ರಿಗಿಂತ ಹೆಚ್ಚಿರಬೇಕು, ಗಾಳಿಯಲ್ಲಿ ತೇವ ಶೇ. 70ಕ್ಕಿಂತ ಮೇಲಿರಬೇಕು, ಕಿಟಕಿ ಬಾಗಿಲಿನ ಸಂದು ಮುಚ್ಚಿ ಸುಮಾರು 24 ಗಂಟೆ ಹಾಗೇ ಬಿಡಬೇಕು. ಅನಿಲ ಮೂಲೆ ಮೂಲೆಗೂ ಹರಡಬೇಕಲ್ಲ. ಆದರೆ ಬಿಸಿ, ತೇವ, ಗಾಳಿಯಾಡದ ಕೋಣೆ ಎಂದರೆ ಒಳಗೆ ನಿಂತು ಹೊಡೆಯುವವರ ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಅತ್ಯಂತ ಕೆಟ್ಟ ಕೋಣೆ. ಪ್ರಯೋಗಶಾಲೆಯಲ್ಲಿ ಇದೇ ಬಾಟಲಿ ತೆರೆಯಬೇಕಾದರೆ ಹೊಗೆ ಎಳೆಯುವ ಗೂಡಿನೊಳಗೆ, ಫ್ಯಾನು ಹಾಕಿ, ಕೈಗವಸು ಕನ್ನಡಕ ತೊಟ್ಟು ತೆರೆಯುತ್ತಾರೆ. ಅಲ್ಲಿ ಗಾಳಿ ಹೊರಗೆ ಹೋಗಬೇಕು, ಇಲ್ಲಿ ಒಳಗೇ ಉಳಿಯಬೇಕು.

ಬೆಳೆ ಮುಗಿದ ಕೂಡಲೇ ಒಮ್ಮೆ, ಮುಂದಿನ ಬೆಳೆಗೆ ಮುನ್ನ ಇನ್ನೊಮ್ಮೆ ಸೋಂಕು ನಿವಾರಣೆ ಆಗಬೇಕು. ವರ್ಷಕ್ಕೆ ಐದು ಬೆಳೆ ಎಂದರೆ ಹತ್ತು ಸಲ. ಇವತ್ತು ಹೊಲದ ಬದಿಯಲ್ಲಿ ಬೇರೆಯಾಗಿ ಕಟ್ಟಿದ ಹುಳು ಮನೆಗಳು, ರೆಂಬೆ ಪದ್ಧತಿ ಸಾಮಾನ್ಯ. ಹಿಂದೆ ಹಾಗಿರಲಿಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ನಡುಮನೆಯೇ ಹುಳು ಮನೆ. ಔಷಧಿ ಹೊಡೆದ ದಿನ ಪಾತ್ರೆ ಪಡಗ ಜಗುಲಿಗೆ ಬರುತ್ತಿದ್ದವು, ಮನೆಮಂದಿ ಅಲ್ಲೇ ಮಲಗುತ್ತಿದ್ದರು. ಹೊಡೆಯುವ ಕೆಲಸ ಗಂಡಸರದು. ತಟ್ಟೆಗಳನ್ನು ತೊಟ್ಟಿಯ ದ್ರಾವಣದಲ್ಲಿ ಅದ್ದಿ ತೆಗೆಯುವುದು, ಮರುದಿನ ಬಾಗಿಲು ತೆರೆದು ಒಳಗೆ ಮೊದಲು ಕಾಲಿಡುವುದು ಹೆಂಗಸರದು. ನಮ್ಮ ದೊಡ್ಡಮ್ಮನ ಬೆರಳುಗಳ ನಡುವೆ ಚರ್ಮ ಸುಲಿಯುತ್ತಿದ್ದುದನ್ನು ಎಲ್ಲರೂ ಸುಣ್ಣದಿಂದ ಎಂದೇ ತಿಳಿದಿದ್ದರು. ಕೇಳಿದರೆ ಅವರದು ಒಂದೇ ಉತ್ತರ: ‘ಹುಳಕ್ಕೇನೂ ಆಗ್ದಿದ್ರೆ ಸಾಕಮ್ಮ, ನಮ್ದೇನು, ಎರಡು ದಿನ ಕಣ್ಣುರಿ ಅಷ್ಟೇ.’

ಈ ಮಾತನ್ನು ತ್ಯಾಗ ಎಂದು ಹೊಗಳುವುದು ಸುಲಭ. ನನಗೆ ಅದರಲ್ಲಿ ಕಾಣುವುದು ಒಂದು ಲೆಕ್ಕಾಚಾರ. ಹುಳು ಸತ್ತರೆ ನಷ್ಟ ಇದೇ ತಿಂಗಳು ಕಣ್ಣೆದುರು ಕಾಣುತ್ತದೆ. ಉಸಿರಿಗೆ ಆಗುವ ನಷ್ಟ ವರ್ಷಗಳ ನಂತರ, ಬೇರೆ ಯಾವುದೋ ಹೆಸರಿನಲ್ಲಿ ಬರುತ್ತದೆ. ಮೂಗು ಕೂಡ ಈ ಲೆಕ್ಕಕ್ಕೆ ಸಹಾಯ ಮಾಡುವುದಿಲ್ಲ. ಸ್ವಲ್ಪ ಹೊತ್ತು ಅದೇ ಗಾಳಿಯಲ್ಲಿದ್ದರೆ ಮೂಗು ವಾಸನೆಗೆ ಒಗ್ಗಿಹೋಗುತ್ತದೆ. ‘ಈಗ ವಾಸನೆ ಇಲ್ಲ’ ಎಂದರೆ ಅನಿಲ ಹೋಗಿದೆ ಎಂದೇನೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಾರ್ಖಾನೆ ಕಾರ್ಮಿಕರು, ಶವ ಸಂರಕ್ಷಿಸುವವರ ಮೇಲೆ ನಡೆದ ದೀರ್ಘ ಅಧ್ಯಯನಗಳು ಅದಕ್ಕೆ ಆಧಾರವಾಗಿದ್ದವು. ಅಮೆರಿಕದಲ್ಲಿ ಎಂಟು ಗಂಟೆಯ ಕೆಲಸದ ಸರಾಸರಿ ಮಿತಿ ಗಾಳಿಯ ಹತ್ತು ಲಕ್ಷ ಪಾಲಿಗೆ ಮುಕ್ಕಾಲು ಪಾಲು. ನಮ್ಮಲ್ಲಿ 1984ರ ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ ಮತ್ತು ಸಂಗ್ರಹದ ನಿಯಮಗಳು ಬಂದವು. ಆದರೆ ನಡುಮನೆ ಕಾರ್ಖಾನೆಯಲ್ಲ. ಐದು ಲೀಟರಿನ ಕ್ಯಾನು ಆ ನಿಯಮಗಳ ಕಣ್ಣಿಗೆ ಬೀಳುವ ಗಾತ್ರದ್ದೂ ಅಲ್ಲ.

ಕ್ಯಾನು ಎಲ್ಲಿರುತ್ತಿತ್ತು ಎಂದು ನಾನು ಎಲ್ಲರನ್ನೂ ಕೇಳುತ್ತೇನೆ. ಅಟ್ಟದ ಮೇಲೆ, ಸೊಪ್ಪಿನ ಕೋಣೆಯಲ್ಲಿ, ಸೀಮೆಎಣ್ಣೆ ಪಕ್ಕದಲ್ಲಿ, ಬಚ್ಚಲೊಲೆಯ ಹತ್ತಿರ. ಫಾರ್ಮಲಿನ್ ಗಟ್ಟಿಯಾಗದಿರಲೆಂದು ಅದಕ್ಕೆ ಮೆಥನಾಲ್ ಬೆರೆಸಿರುತ್ತಾರೆ, ಹಾಗಾಗಿ ಅದರ ಆವಿಗೆ ಬೆಂಕಿ ತಾಗಬಹುದು. ಒಲೆಯ ಪಕ್ಕ ಅದರ ಜಾಗವಲ್ಲ. ಚಳಿಯಲ್ಲಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದು ಫಾರ್ಮಾಲ್ಡಿಹೈಡೇ ಹೆಪ್ಪಾದದ್ದು. ಮೇಲಿನ ನೀರಿನ ಶಕ್ತಿ ಇಳಿದಿರುತ್ತದೆ, ಒಂದಕ್ಕೆ ಹದಿನೇಳರ ಲೆಕ್ಕ ಅಲ್ಲಿಗೆ ತಪ್ಪುತ್ತದೆ. ಮಾಮೂಲಿ ನೀರಿನಂತೆ ಬಣ್ಣವಿಲ್ಲದ ಇದನ್ನು ಕುಡಿಯುವ ನೀರಿನ ಬಾಟಲಿಗೆ ಬಗ್ಗಿಸಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬ್ಲೀಚಿಂಗ್ ಪೌಡರಿನ ಜೊತೆ ಬೆರೆಸಿದರೆ ಬಿಸಿಯೇರಿ ಉಕ್ಕುತ್ತದೆ. ದ್ವಿತಳಿ ಮೊಟ್ಟೆಗೆ ಆಮ್ಲ ಸಂಸ್ಕಾರ ಮಾಡುವ ಬಿತ್ತನೆ ಕೋಠಿಗಳಲ್ಲಂತೂ ಹೈಡ್ರೋಕ್ಲೋರಿಕ್ ಆಮ್ಲವೂ ಇರುತ್ತದೆ. ಇವೆರಡರ ಗಾಢ ಆವಿ ಕೂಡಿದರೆ ಇನ್ನೂ ಘೋರವಾದ ಕ್ಯಾನ್ಸರ್‌ಕಾರಕ ಹುಟ್ಟಬಹುದು, ಅದಕ್ಕೇ ಪ್ರಯೋಗಶಾಲೆಯವರು ಇವನ್ನು ಬೇರೆ ಬೇರೆ ಕಪಾಟಿನಲ್ಲಿಡುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಫಾರ್ಮಲಿನ್ ಹಿಂದೆ ಸರಿದಿದೆ. ಕ್ಲೋರಿನ್ ಡೈಆಕ್ಸೈಡ್ ದ್ರಾವಣ, ಅರಳಿದ ಸುಣ್ಣದ ಜೊತೆ ಬ್ಲೀಚಿಂಗ್ ಪೌಡರ್, ಹುಳುವಿನ ಹಾಸಿಗೆಗೆ ಉದುರಿಸುವ ‘ವಿಜೇತ’, ‘ಅಂಕುಶ’ದಂಥ ಪುಡಿಗಳು ಬಂದಿವೆ. ಇವುಗಳಿಗೆ ಮುಚ್ಚಿದ ಕೋಣೆಯ ಹಂಗು ಅಷ್ಟಿಲ್ಲ. ಆದರೆ ಕ್ಲೋರಿನ್ ಡೈಆಕ್ಸೈಡಿನ ಆವಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕ್ಯಾನು ಬದಲಾದರೂ ‘ಔಷಧಿ’ ಎಂಬ ಹೆಸರು ಹಾಗೇ ಮುಂದುವರಿದಿರುವುದರಿಂದ ಹೊಸದನ್ನೂ ಹಳೆಯ ಸಲಿಗೆಯಿಂದಲೇ ಮುಟ್ಟುತ್ತಾರೆ.

ಪ್ರಯೋಗಶಾಲೆಯಿಂದ ಹಳ್ಳಿಗೆ ಒಂದು ರಾಸಾಯನಿಕ ಬರುವಾಗ ಅದರ ಶಕ್ತಿ ಪೂರ್ತಿಯಾಗಿ ಬರುತ್ತದೆ. ಅದರ ಸುತ್ತ ಕಟ್ಟಿದ್ದ ಎಚ್ಚರ, ಅಂದರೆ ಕಪಾಟು, ಬೀಗ, ಓದಲು ಬರುವ ಭಾಷೆಯ ಚೀಟಿ, ಕೈಗವಸು, ಕಣ್ಣು ತೊಳೆಯುವ ನಲ್ಲಿ ಇವು ದಾರಿಯಲ್ಲೇ ಉಳಿದುಬಿಡುತ್ತವೆ. ರೇಷ್ಮೆಯ ಚರಿತ್ರೆಯನ್ನು ಇಳುವರಿಯ ಅಂಕಿಗಳಲ್ಲಿ ಬರೆದಿದ್ದೇವೆ. ಆ ಇಳುವರಿಗಾಗಿ ಬಾಗಿಲು ತೆರೆದು ಮೊದಲು ಒಳಗೆ ಹೋದವರು ಯಾರು, ಎಷ್ಟು ಸಲ, ಎಷ್ಟು ವರ್ಷ ಎಂಬುದನ್ನೂ ಬರೆದಿಡಬೇಕು. ಅವರಲ್ಲಿ ಅನೇಕರು ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಅಟ್ಟದ ಮೇಲೆ ಹಳೆಯ ಕ್ಯಾನುಗಳೂ ಕೆಲವು ಮನೆಗಳಲ್ಲಿ ಹಾಗೇ ಇವೆ, ಚೀಟಿ ಅಳಿಸಿಹೋಗಿದೆ. ಅವುಗಳ ಮೇಲೆ ಮೊದಲು ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ, ಉರ್ದುವಿನಲ್ಲಿ ‘ವಿಷ’ ಎಂದು ಬರೆಯುವ ಕೆಲಸಕ್ಕೆ ಯಾವ ಪ್ರಯೋಗಶಾಲೆಯೂ ಬೇಕಿಲ್ಲ.