ಅಟ್ಟದ ಕೊಬ್ಬರಿ, ಮಲೇಷ್ಯಾದ ಎಣ್ಣೆ

ನಮ್ಮ ದಂಡಿನಶಿವರದ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಕಾದರೆ ಉಂಡೆ ಕೊಬ್ಬರಿ ಸಿಗುತ್ತೆ. ತಿಪಟೂರಿಗೆ ಸಾಗಿಸಿದ ದಿನ ಏನು ರೇಟೋ ಅದೇ ನಮ್ಮ ಹಣೆಬರಹ. ಹಾಗಾಗಿ 2020ರ ಜನವರಿಯಲ್ಲಿ ಸರ್ಕಾರ ತಾಳೆ ಎಣ್ಣೆಯ ಆಮದಿಗೆ ಕಡಿವಾಣ ಹಾಕಿದ ಸುದ್ದಿ ಬಂದಾಗ ಅಪ್ಪ ಫೋನ್ ಮಾಡಿ ಕೇಳಿದ್ದರು, “ಇನ್ನಾದ್ರೂ ಕೊಬ್ರಿಗೆ ರೇಟು ಬತ್ತೈತೇನ್ಲಾ?”

ಆಗ ಉತ್ತರ ಗೊತ್ತಿರಲಿಲ್ಲ.

ಪೇಪರಿನಲ್ಲಿ ನಾವೆಲ್ಲ ಓದಿದ ಕಥೆ ಇದು. 2019ರ ಸೆಪ್ಟೆಂಬರ್ ಕೊನೆಯಲ್ಲಿ ಮಲೇಷ್ಯಾದ ಪ್ರಧಾನಿ ಮಹಾತಿರ್, ಭಾರತ ಕಾಶ್ಮೀರವನ್ನು ಆಕ್ರಮಿಸಿಕೊಂಡಿದೆ ಎಂದು ವಿಶ್ವಸಂಸ್ಥೆಯಲ್ಲಿ ಹೇಳಿದರು. ಅಕ್ಟೋಬರಿನಲ್ಲಿ ಮುಂಬಯಿಯ ಸಾಲ್ವೆಂಟ್ ಎಕ್ಸ್‌ಟ್ರಾಕ್ಟರ್ಸ್ ಅಸೋಸಿಯೇಷನ್, ಮಲೇಷ್ಯಾದಿಂದ ತಾಳೆ ಎಣ್ಣೆ ಕೊಳ್ಳಬೇಡಿ ಎಂದು ತನ್ನ ಸದಸ್ಯರಿಗೆ ತಿಳಿಸಿತು. ಇದು ಎಣ್ಣೆ ಉದ್ಯಮದವರ ಖಾಸಗಿ ಸಂಘ. 2020ರ ಜನವರಿ 8ರಂದು ಸರ್ಕಾರ ಸಂಸ್ಕರಿಸಿದ ತಾಳೆ ಎಣ್ಣೆಯನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ನಮ್ಮದು ಚಿಕ್ಕ ದೇಶ, ತಿರುಗಿ ಹೊಡೆಯೋಕಾಗಲ್ಲ ಅಂತ ಮಹಾತಿರ್ ಕೂಡ ಒಪ್ಪಿಕೊಂಡರು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ವ್ಯಾಪಾರ ಒಪ್ಪಂದಗಳ ಪ್ರಕಾರ 2019ರ ಜನವರಿಯಲ್ಲಿ ಮಲೇಷ್ಯಾದ ಸಂಸ್ಕರಿಸಿದ ಎಣ್ಣೆಯ ಸುಂಕ ಶೇ. 45ಕ್ಕೆ ಇಳಿದಿತ್ತು, ಕಚ್ಚಾ ಎಣ್ಣೆಯದು ಶೇ. 40ಕ್ಕೆ. ಅಂತರ ಬರೀ ಐದು. ಕಚ್ಚಾ ಎಣ್ಣೆ ತರಿಸಿ ಇಲ್ಲಿ ಶುದ್ಧ ಮಾಡುವ ಕಾರ್ಖಾನೆಗಳಿಗೆ ಹೊಡೆತ ಬಿತ್ತು. ಇದೇ ಸಂಘ ಸರ್ಕಾರಕ್ಕೆ ದೂರು ಕೊಟ್ಟಿತು. ಸೆಪ್ಟೆಂಬರ್ ಮೊದಲ ವಾರ ಮಲೇಷ್ಯಾದ ಸಂಸ್ಕರಿಸಿದ ಎಣ್ಣೆ ಮೇಲೆ ಇನ್ನೂ ಶೇ. 5 ಸುಂಕ ಬಿತ್ತು. ಮಹಾತಿರ್ ಭಾಷಣ ಮಾಡೋಕೆ ಮುಂಚೆಯೇ!

ಕಾಶ್ಮೀರ ಬರೀ ನೆಪ ಅಂತ ನಾನು ಹೇಳ್ತಿಲ್ಲ. ದೇಶದ ಸಿಟ್ಟೂ ನಿಜವೇ. ಆದರೆ ಸಿಟ್ಟೊಂದೇ ಕಾರಣವಾಗಿದ್ದರೆ ಕಚ್ಚಾ ಎಣ್ಣೆಗೂ ತಡೆ ಬೀಳಬೇಕಿತ್ತಲ್ವಾ? ಬೀಳಲಿಲ್ಲ. ಅದು ಕಾರ್ಖಾನೆಗಳಿಗೆ ಬೇಕಾದ ಸರಕು. 2020ರ ಫೆಬ್ರುವರಿಯಲ್ಲಿ ಮಹಾತಿರ್ ರಾಜೀನಾಮೆ ಕೊಟ್ಟರು, ಮೇ ಹೊತ್ತಿಗೆ ಮಲೇಷ್ಯಾದಿಂದ ಖರೀದಿ ಮತ್ತೆ ಶುರುವಾಯ್ತು. 2021ರ ಜೂನ್ ಕೊನೆಗೆ, ಅಡುಗೆ ಎಣ್ಣೆ ಬೆಲೆ ಗಗನಕ್ಕೇರಿದಾಗ, ಸಂಸ್ಕರಿಸಿದ ಎಣ್ಣೆಯ ನಿರ್ಬಂಧವೂ ಹೋಯ್ತು.

ನಮ್ಮ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನೋದಕ್ಕೇ ಹೋಗುತ್ತೆ, ಗಾಣಕ್ಕಲ್ಲ, ನಿಜ. ಆದರೂ ಅಗ್ಗದ ಎಣ್ಣೆ ಬಂದಷ್ಟೂ ತೆಂಗಿನವರಿಗೆ ಅಳುಕು ಇದ್ದೇ ಇರುತ್ತೆ.

ಈಗ ಅಪ್ಪನಿಗೆ ಹೇಳಬಲ್ಲೆ: ಆ ಬೇಲಿ ಕಾರ್ಖಾನೆಯ ಸುತ್ತ ಹಾಕಿದ್ದು, ನಮ್ಮ ತೋಟದ ಸುತ್ತ ಅಲ್ಲ. ಲೆಕ್ಕ ಹಿಡಿದು ದೆಹಲಿಯ ಬಾಗಿಲು ತಟ್ಟೋಕೆ ಅವರಿಗೊಂದು ಸಂಘ ಇತ್ತು. ಬೇರೆ ದೇಶದ ಜೊತೆ ಮಾತಾಡುವಾಗ ಸರ್ಕಾರದ ಕಿವಿಯ ಹತ್ತಿರ ಯಾರಿರುತ್ತಾರೆ ಅನ್ನೋದು ಅಟ್ಟದಲ್ಲಿ ಕಾಯಿ ತುಂಬಿಕೊಂಡು ಕೂತ ನಮಗೂ ಸಂಬಂಧಪಟ್ಟ ಪ್ರಶ್ನೆ.

ನೀವೇನಂತೀರಿ?