ಸಂಚಕಾರ: ಕುತ್ತಲ್ಲ, ಮುಂಗಡ

ಸಂಚಕಾರ

‘ಜೀವಕ್ಕೆ ಸಂಚಕಾರ’, ‘ಕುರ್ಚಿಗೆ ಸಂಚಕಾರ’ ಎಂದು ಪತ್ರಿಕೆಗಳು ಬರೆಯುತ್ತಲೇ ಇವೆ. ಓದುಗರಿಗೆ ಈ ಪದವೆಂದರೆ ಕುತ್ತು, ಅಷ್ಟೆ. ಮೂಲದಲ್ಲಿ ಇದು ನಂಬಿಕೆಯ ಪದ. ಸಂಸ್ಕೃತದ ಸತ್ಯಂಕಾರ, ಅಂದರೆ ಮಾತನ್ನು ಸತ್ಯವಾಗಿಸುವುದು; ವ್ಯಾಪಾರ ಕುದುರಿತೆಂದು ಮೊದಲೇ ಕೊಡುವ ಹಣ. ಪಾಲಿಯಲ್ಲಿ ಸಚ್ಚಕಾರ, ತೆಲುಗಿನಲ್ಲಿ ಸಂಚಕರುವು. ಇದೇ ಅರ್ಥಕ್ಕೆ ತಮಿಳರು ಅಚ್ಚಾರಂ ಎನ್ನುತ್ತಾರೆ, ಮರಾಠಿಗರು ಇಸಾರ. ಹಣದ ಮಾತು ಕುತ್ತಿನ ಮಾತಾದದ್ದು ಯಮನಿಗೆ ಮುಂಗಡ ಕೊಟ್ಟಂತೆ ಎಂಬ ಭಾವದಿಂದ ಇರಬಹುದು. ‘ಸಂಚು’ ಪದದ ನೆರಳೂ ಬಿದ್ದಿರಬಹುದು.

ಹೈದರಾಬಾದಿನಲ್ಲಿ ಮನೆ ಕೊಳ್ಳುವ ಕನ್ನಡಿಗರ ಕಿವಿಗೆ ಇದೇ ಮುಂಗಡಕ್ಕೆ ಬೀಳುವ ಪದ ಬಯಾನಾ. ಅರಬ್ಬಿಯ ‘ಬೈ’ಗೆ (ಮಾರಾಟ) ಫಾರ್ಸಿಯ ‘ಆನಾ’ ಪ್ರತ್ಯಯ ಸೇರಿ ಆದದ್ದು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯವರಿಗೆ ಈ ಪದ ಹೊಸದೇನಲ್ಲ.

ಬಯಾನಾ ಕೊಟ್ಟು ಕರಾರಿಗೆ ಸಹಿ ಹಾಕಿದ ಮಾತ್ರಕ್ಕೆ ಮನೆ ನಮ್ಮದಾಗದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮು ಇದನ್ನು ನೇರವಾಗಿಯೇ ಹೇಳುತ್ತದೆ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಬೇಕು, ಬ್ಯಾಂಕು ಸಾಲ ಮಂಜೂರು ಮಾಡಬೇಕು, ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1ರಷ್ಟು ತೆರಿಗೆ ಮುರಿದುಕೊಂಡು ಕಟ್ಟಬೇಕು (ಮಾರುವವರು ಅನಿವಾಸಿಯಾದರೆ ಲೆಕ್ಕವೇ ಬೇರೆ). ಕೊನೆಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ.

‘ಅಡ್ವಾನ್ಸ್’ ಎನ್ನುವಲ್ಲಿ ಒಮ್ಮೆ ಸಂಚಕಾರ ಎಂದು ನೋಡಿ. ರಸೀದಿ ಪಡೆಯಲು ಮಾತ್ರ ಮರೆಯಬೇಡಿ.